ಬಸುರಿ ಅಂತ ಗೊತ್ತಾದ ಕೂಡಲೇ ಕೆಲಸ ಬಿಡಬೇಡಿ: ತುಮಕೂರು, ಗುಬ್ಬಿ, ಕುಣಿಗಲ್‌ನ ದುಡಿಯುವ ತಾಯಂದಿರು, ಅಂಗಡಿ ಮಾಲೀಕರು ತಿಳಿದಿರಬೇಕಾದ್ದು

ತುಮಕೂರು: ಕೆಲಸಕ್ಕೆ ಹೋಗೋ ಹೆಣ್ಣುಮಗಳು ಬಸುರಿ ಅಂತ ಗೊತ್ತಾದ್ರೆ ನಮ್ಮ ಕಡೆ ಮನೆಯಲ್ಲೂ, ಅಂಗಡಿಯಲ್ಲೂ ಮೊದಲು ಬರೋ ಪ್ರಶ್ನೆ ಒಂದೇ. "ಯಾವಾಗ ಕೆಲಸ ಬಿಡ್ತೀಯಮ್ಮಾ?" ರಜೆ ಯಾವಾಗ ತಗೋತೀಯ ಅಂತ ಕೇಳೋರು ಕಡಿಮೆ. ಏಳನೇ ತಿಂಗಳಿಗೆ ಸುಮ್ಮನೆ ಮನೆಗೆ ಹೋಗಿಬಿಡೋದು, ಮಗುವಿಗೆ ಒಂದೆರಡು ವರ್ಷ ಆದಮೇಲೆ ಬೇರೆ ಕಡೆ ಕಡಿಮೆ ಸಂಬಳಕ್ಕೆ ಮತ್ತೆ ಸೇರೋದು, ಇದೇ ಪದ್ಧತಿ ಆಗಿಬಿಟ್ಟಿದೆ.

ಹೀಗೆ ಬಿಟ್ಟು ಹೋದಾಗ ಕೈತಪ್ಪೋ ದುಡ್ಡು ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಸಂಬಳ ಇರೋ ಒಬ್ಬರಿಗೆ ಇಎಸ್‌ಐ ಇದ್ದರೆ ದಿನಕ್ಕೆ ಸರಾಸರಿ 490 ರೂಪಾಯಿ ಆಸುಪಾಸು ಬೀಳುತ್ತೆ. ಹೆರಿಗೆ ರಜೆ 26 ವಾರ, ಅಂದ್ರೆ 182 ದಿನ. ಗುಣಿಸಿದರೆ ಹತ್ತಿರ ಹತ್ತಿರ 90 ಸಾವಿರ ರೂಪಾಯಿ. ಇದು ಸಾಲ ಅಲ್ಲ, ಯಾರ ದಯೆಯೂ ಅಲ್ಲ. ಕಾನೂನಿನ ಪ್ರಕಾರ ಬರಬೇಕಾದ ಸಂಬಳ. ಹೆರಿಗೆ ಖರ್ಚಿಗೆ ಅಂತ ಓಲೆ, ಸರ ಅಡ ಇಡೋ ಮನೆಗಳಲ್ಲಿ ಈ ದುಡ್ಡಿನ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ತೊಟ್ಟಿಲು, ಸ್ವೆಟರು, ಬೇಬಿ ಸೋಪಿನ ಪಟ್ಟಿ ಈ ಲೇಖನದಲ್ಲಿ ಇಲ್ಲ. ಅದನ್ನೆಲ್ಲ ಮನೆ ಹಿರಿಯರು ಚೆನ್ನಾಗಿ ನೋಡ್ಕೋತಾರೆ. ಅವರಿಗೂ ಗೊತ್ತಿಲ್ಲದ ತಯಾರಿ ಕಾಗದ ಪತ್ರದ್ದು.

ನಿಮ್ಮ ಅಂಗಡಿಯಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ

ಎಲ್ಲ ಶುರುವಾಗೋದು ಇಲ್ಲಿಂದ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಅಂಗಡಿ, ಶೋರೂಮ್, ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಗಾರ್ಮೆಂಟ್ಸ್ ಎಲ್ಲಕ್ಕೂ ಹೆರಿಗೆ ಸೌಲಭ್ಯದ ಕಾನೂನು ಅನ್ವಯ ಆಗುತ್ತೆ. ಹತ್ತು ಜನ ಅಂದ್ರೆ ಹತ್ತು ಹೆಂಗಸರು ಅಂತ ಅಲ್ಲ. ಗಂಡಸರು, ಹೆಂಗಸರು ಎಲ್ಲ ಸೇರಿ ಹತ್ತು. ಹೊರಪೇಟೆ, ಮಂಡಿಪೇಟೆ, ಎಂ.ಜಿ. ರಸ್ತೆಯ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಕೌಂಟರ್, ಬಿಲ್ಲಿಂಗ್, ಗೋಡೌನ್, ಸೆಕ್ಯುರಿಟಿ ಲೆಕ್ಕ ಹಾಕಿದ್ರೆ ಈ ಸಂಖ್ಯೆ ಸಲೀಸಾಗಿ ದಾಟುತ್ತೆ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಕುಣಿಗಲ್ ಕಡೆಯ ಅಂಚೆಪಾಳ್ಯದ ಕಾರ್ಖಾನೆಗಳ ವಿಷಯ ಹೇಳೋದೇ ಬೇಡ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, 12 ವಾರ ಇದ್ದ ರಜೆ 26 ವಾರ ಆಯ್ತು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾದರೂ ಮುಖ್ಯ ಅಂಶಗಳು ಹಾಗೇ ಉಳಿದಿವೆ. ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ವರ್ಷಗಟ್ಟಲೆ ಸರ್ವಿಸ್ ಬೇಕು, ಪರ್ಮನೆಂಟ್ ಆಗಿರಬೇಕು ಅನ್ನೋದು ಸುಳ್ಳು. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕೆಲಸಗಾರ್ತಿಯರ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಅವಧಿ ರಜೆಯ ಮಧ್ಯದಲ್ಲಿ ಮುಗಿದುಹೋದರೂ ಸೌಲಭ್ಯ ನಿಲ್ಲಿಸಬಾರದು ಅಂತ 2023ರಲ್ಲಿ ಇನ್ನೊಂದು ಪ್ರಕರಣದಲ್ಲಿ ತೀರ್ಪು ಬಂದಿದೆ. ಹೊರಗುತ್ತಿಗೆಯಲ್ಲಿ ಕಂಪ್ಯೂಟರ್ ಆಪರೇಟರ್, ಸ್ವಚ್ಛತೆ ಕೆಲಸ ಮಾಡೋರು ಇವೆರಡನ್ನೂ ನೆನಪಿಟ್ಟುಕೊಳ್ಳಿ.

26 ವಾರ ಸಿಗೋದು ಮೊದಲ ಎರಡು ಮಕ್ಕಳಿಗೆ. ಬದುಕಿರೋ ಮಕ್ಕಳು ಈಗಾಗಲೇ ಇಬ್ಬರು ಇದ್ದು ಮೂರನೆಯದಾದರೆ 12 ವಾರ. ಗರ್ಭಪಾತ ಆದರೆ 6 ವಾರ ಸಂಬಳ ಸಹಿತ ರಜೆ ಇದೆ. ಇದನ್ನ ಯಾರೂ ಕೇಳೋದೇ ಇಲ್ಲ. ನಾಚಿಕೆಗೋ, ದುಃಖಕ್ಕೋ, ಮೂರು ದಿನ ಮನೆಯಲ್ಲಿ ಮಲಗಿ ನಾಲ್ಕನೇ ದಿನ ಕೌಂಟರ್‌ನಲ್ಲಿ ನಿಂತಿರ್ತಾರೆ. ಡಾಕ್ಟರ ಚೀಟಿ ಇದ್ದರೆ ಆ ಆರು ವಾರ ನಿಮ್ಮದು.

ಇಎಸ್‌ಐ ಇದ್ದರೆ ಮಾಲೀಕರ ಜೇಬಿಂದ ಹೋಗಲ್ಲ

ಅಂಗಡಿ ಮಾಲೀಕರು ಈ ಭಾಗ ಗಮನವಿಟ್ಟು ಓದಬೇಕು ಅಂತ ವಿನಂತಿ. "ಆರು ತಿಂಗಳು ಕೂತವರಿಗೆ ಸಂಬಳ ಕೊಟ್ರೆ ನಾವು ಅಂಗಡಿ ಮುಚ್ಚಬೇಕಾಗುತ್ತೆ" ಅನ್ನೋದು ಸಾಮಾನ್ಯವಾಗಿ ಕೇಳಿಬರೋ ಮಾತು. ಆ ಭಯದಿಂದಲೇ ಮದುವೆ ಆದ ಹೊಸ ಹುಡುಗಿಯರನ್ನ ಕೆಲಸಕ್ಕೆ ತಗೊಳ್ಳೋಕೆ ಹಿಂದೆ ಮುಂದೆ ನೋಡ್ತಾರೆ.

ಆದರೆ ನೌಕರರು ಇಎಸ್‌ಐನಲ್ಲಿ ಇದ್ದರೆ ಹೆರಿಗೆ ಸಂಬಳ ಕೊಡೋದು ಇಎಸ್‌ಐ ನಿಗಮ, ಮಾಲೀಕರಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಇದರೊಳಗೆ ಬರ್ತಾರೆ. ನೌಕರರ ಪಾಲು ಸಂಬಳದ ಶೇ. 0.75, ಮಾಲೀಕರ ಪಾಲು ಶೇ. 3.25. ಅಂದ್ರೆ 15,000 ಸಂಬಳಕ್ಕೆ ಆಕೆಯಿಂದ 113 ರೂಪಾಯಿ, ಮಾಲೀಕರಿಂದ 488 ರೂಪಾಯಿ. ತಿಂಗಳಿಗೆ 488 ಕಟ್ಟದೆ ಉಳಿಸಿದವರು ಆಮೇಲೆ 90 ಸಾವಿರ ಕೈಯಿಂದ ಕೊಡಬೇಕಾಗುತ್ತೆ. ಇಲ್ಲಾಂದ್ರೆ ಹಲವು ವರ್ಷ ಕೆಲಸ ಕಲಿತ ಒಳ್ಳೇ ಸೇಲ್ಸ್ ಹುಡುಗಿನ ಕಳ್ಕೋಬೇಕಾಗುತ್ತೆ. ವ್ಯಾಪಾರ ಮಾಡೋರಿಗೆ ಈ ಲೆಕ್ಕ ಬೇರೆಯವರು ಹೇಳಿಕೊಡಬೇಕಿಲ್ಲ. ಹತ್ತು ಜನ ಇದ್ದೂ ರಿಜಿಸ್ಟರ್ ಮಾಡಿಸದೇ ಇರೋದು ಕಾನೂನು ಪ್ರಕಾರ ತಪ್ಪು ಅನ್ನೋದು ಬೇರೆ ವಿಷಯ.

ಇನ್ನು ಕೆಲಸ ಮಾಡೋರಿಗೆ. ಇಎಸ್‌ಐನಲ್ಲಿ ಹೆರಿಗೆ ಸಂಬಳ ಸಿಗಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಒಂದು ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಇನ್ನೊಂದು ಅಕ್ಟೋಬರ್‌ನಿಂದ ಮಾರ್ಚ್. ಸಂಬಳದಲ್ಲಿ ಇಎಸ್‌ಐ ಅಂತ ಹಿಡೀತಾರೆ, ಆದರೆ ನಿಮ್ಮ ಹೆಸರಲ್ಲಿ ನಿಜವಾಗಿ ಜಮಾ ಆಗ್ತಿದೆಯಾ? ನಿಮ್ಮ ವಿಮಾ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಹಾಕಿ ಇಎಸ್‌ಐ ವೆಬ್‌ಸೈಟ್‌ನಲ್ಲಿ ವಂತಿಗೆ ವಿವರ ನೋಡಬಹುದು. ಫೋನಲ್ಲಿ ಆಗದಿದ್ದರೆ ಸೈಬರ್ ಸೆಂಟರ್‌ನಲ್ಲಿ ಹತ್ತು ನಿಮಿಷದ ಕೆಲಸ. ಎರಡನೇ ತಿಂಗಳಲ್ಲೇ ನೋಡಿ. ಎಂಟನೇ ತಿಂಗಳಲ್ಲಿ ನೋಡಿದರೆ ಸರಿ ಮಾಡಿಸೋಕೆ ಟೈಮ್ ಇರಲ್ಲ.

ನಿಮಗೆ ಇಎಸ್‌ಐ ಇಲ್ಲದೆ ಗಂಡನಿಗೆ ಇದ್ದರೆ ಹೆರಿಗೆ ಚಿಕಿತ್ಸೆ ಅವರ ಕಾರ್ಡ್‌ನಲ್ಲೇ ಆಗುತ್ತೆ, ನಿಮ್ಮ ಹೆಸರು ಅದರಲ್ಲಿ ಸೇರಿರಬೇಕು. ಆದರೆ ರಜೆ ಸಂಬಳ ಸಿಗಲ್ಲ, ಅದು ಸ್ವಂತ ವಂತಿಗೆ ಕಟ್ಟಿದ ಹೆಣ್ಣುಮಕ್ಕಳಿಗೆ ಮಾತ್ರ.

ಮೂರನೇ ತಿಂಗಳೊಳಗೆ ಮಾಡಬೇಕಾದ ಕೆಲಸ

ಸಣ್ಣ ಊರಿನಲ್ಲಿ ಎಲ್ಲವೂ ಬಾಯಿಮಾತಲ್ಲೇ ನಡೆಯುತ್ತೆ. "ಅಣ್ಣಾ, ನಾನು ಬಾಣಂತನಕ್ಕೆ ಹೋಗಿ ಬರ್ತೀನಿ", "ಆಯ್ತಮ್ಮ, ಹೋಗಿ ಬಾ". ಆರು ತಿಂಗಳಾದಮೇಲೆ ಬಂದರೆ ಆ ಜಾಗದಲ್ಲಿ ಬೇರೆಯವರು ನಿಂತಿರ್ತಾರೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಆದರೆ ಕೈಯಲ್ಲಿ ಒಂದು ಕಾಗದವೂ ಇರಲ್ಲ.

ಹಾಗಾಗಿ ರಜೆ ಅರ್ಜಿ ಬರವಣಿಗೆಯಲ್ಲೇ ಕೊಡಿ. ಕನ್ನಡದಲ್ಲಿ ಬಿಳಿ ಹಾಳೆ ಮೇಲೆ ಬರೆದರೂ ಸಾಕು. ಹೆರಿಗೆ ನಿರೀಕ್ಷೆಯ ದಿನಾಂಕ, ಯಾವ ದಿನದಿಂದ ರಜೆ ಬೇಕು, ಹಣ ಯಾರ ಕೈಗೆ ಅಥವಾ ಯಾವ ಖಾತೆಗೆ ಕೊಡಬೇಕು, ರಜೆಯಲ್ಲಿರುವಾಗ ಬೇರೆಲ್ಲೂ ಕೆಲಸ ಮಾಡಲ್ಲ ಅನ್ನೋದನ್ನ ಬರೆದು ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಅಥವಾ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಕನಿಷ್ಠ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ. ಮುಂಚೆ ಕೊಡಲಿಲ್ಲ ಅಂತ ಹಕ್ಕು ಹೋಗಲ್ಲ, ಹೆರಿಗೆ ಆದಮೇಲೂ ಆದಷ್ಟು ಬೇಗ ಕೊಡಬಹುದು.

ಜೊತೆಗೆ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಸೇರಿಸಿಡಿ. ಸಂಬಳದ ಚೀಟಿ ಇದ್ದರೆ ಸರಿ, ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಸಂಬಳದ ಸ್ಕ್ರೀನ್‌ಶಾಟ್, ಗುರುತಿನ ಚೀಟಿ, ಹಾಜರಿ ಪುಸ್ತಕದ ಫೋಟೋ. ಕೈಗೆ ನಗದು ಕೊಡೋ ಕಡೆ ಕೆಲಸ ಮಾಡೋರು ಇನ್ನು ಮುಂದಾದ್ರೂ ಖಾತೆಗೆ ಹಾಕಿ ಅಂತ ಕೇಳೋದು ಒಳ್ಳೇದು.

ಇಎಸ್‌ಐ ವ್ಯಾಪ್ತಿಗೆ ಬರದೆ ಮಾಲೀಕರೇ ಕೊಡಬೇಕಾದ ಕಡೆ, ಹೆರಿಗೆಗೆ ಮುಂಚಿನ ವಾರಗಳ ಹಣವನ್ನ ಮುಂಗಡವಾಗಿ ಕೊಡಬೇಕು. ಉಳಿದದ್ದನ್ನ ಹೆರಿಗೆ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಮಾಲೀಕರು ಉಚಿತ ಹೆರಿಗೆ ಚಿಕಿತ್ಸೆ ವ್ಯವಸ್ಥೆ ಮಾಡದೇ ಇದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ಸೂ ಇದೆ. ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯೋ ಹಾಗಿಲ್ಲ. ಅದಕ್ಕೇ ಕೆಲವು ಕಡೆ "ನೀವೇ ರಾಜೀನಾಮೆ ಬರೆದುಕೊಡಿ, ಆಮೇಲೆ ವಾಪಸ್ ತಗೋತೀವಿ" ಅಂತ ನಯವಾಗಿ ಹೇಳ್ತಾರೆ. ಬರೆದುಕೊಡಬೇಡಿ. ಒಂದು ಸಲ ನಿಮ್ಮ ಕೈಯಿಂದ ರಾಜೀನಾಮೆ ಹೋದರೆ ಆಮೇಲೆ ವಾದ ಮಾಡೋದು ಬಹಳ ಕಷ್ಟ.

ಕೊಡಲ್ಲ ಅಂದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡಿ. ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಇದೆ. ತುಮಕೂರಿನ ಜಿಲ್ಲಾ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನವರಿಗೆ ಅಲ್ಲಿನ ಕೋರ್ಟ್‌ನಲ್ಲೇ ತಾಲ್ಲೂಕು ಸಮಿತಿ. ಸಹಾಯವಾಣಿ 15100.

ಸೀಮಂತದ ದಿನವೇ ರಜೆ ಶುರು ಮಾಡಬೇಕಾ?

26 ವಾರದಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ನಮ್ಮಲ್ಲಿ ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳಿಸೋ ಪದ್ಧತಿಗೆ ಇದು ಹೆಚ್ಚುಕಮ್ಮಿ ಹೊಂದುತ್ತೆ. ಆದರೆ ಪೂರ್ತಿ 8 ವಾರ ಮುಂಚೆಯೇ ತಗೊಂಡರೆ ಮಗು ಹುಟ್ಟಿದಮೇಲೆ ಉಳಿಯೋದು 18 ವಾರ, ಅಂದ್ರೆ ನಾಲ್ಕು ತಿಂಗಳು ಚಿಲ್ಲರೆ. ಮಗುವಿಗೆ ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತ ಡಾಕ್ಟರ್‌ಗಳು ಹೇಳ್ತಾರೆ. ಹೆರಿಗೆಗೆ ಎರಡು ವಾರ ಇರೋವರೆಗೆ ಕೆಲಸ ಮಾಡೋಕೆ ಆಗೋ ಆರೋಗ್ಯ ಇದ್ದರೆ ಆಮೇಲೆ 24 ವಾರ ಮಗು ಜೊತೆ ಇರಬಹುದು.

ಯಾವುದು ಸರಿ ಅಂತ ಬೇರೆಯವರು ಹೇಳೋಕಾಗಲ್ಲ. ಕುಣಿಗಲ್‌ನಿಂದ ದಿನಾ ಬೆಳಗ್ಗೆ ಬಸ್ಸಲ್ಲೋ ರೈಲಲ್ಲೋ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರೋರಿಗೂ, ಮನೆ ಪಕ್ಕದ ಸೊಸೈಟಿಯಲ್ಲಿ ಕೂತು ಲೆಕ್ಕ ಬರೆಯೋರಿಗೂ ಒಂದೇ ಉತ್ತರ ಇರಲ್ಲ. ಬಿಪಿ ಜಾಸ್ತಿ, ರಕ್ತ ಕಮ್ಮಿ, ಅವಳಿ ಮಕ್ಕಳು ಇದ್ದರೆ ಡಾಕ್ಟರ ಮಾತೇ ಕೊನೆ. ಬಸುರಿನಿಂದಲೇ ಕಾಯಿಲೆ ಬಂದರೆ ಹೆಚ್ಚುವರಿ ಒಂದು ತಿಂಗಳು ಸಂಬಳ ಸಹಿತ ರಜೆಗೂ ಅವಕಾಶ ಇದೆ.

ನಿಂತೇ ಮಾಡೋ ಕೆಲಸದ ಬಗ್ಗೆ ಒಂದು ಮಾತು. ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್‌ನಲ್ಲಿ ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ ಅನ್ನೋ ಅಲಿಖಿತ ನಿಯಮ ಇರುತ್ತೆ. ಅಂಗಡಿ ನೌಕರರಿಗೆ ಕೂರೋಕೆ ವ್ಯವಸ್ಥೆ ಮಾಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನೇ ತಂದವು. ಒಂದು ಸ್ಟೂಲ್ ಹಾಕೋಕೆ ಕಾನೂನು ಬರೋವರೆಗೆ ಕಾಯಬೇಕಾ ಅಂತ ಮಾಲೀಕರು ಯೋಚಿಸಲಿ. ಹೆರಿಗೆಗೆ ಹತ್ತು ವಾರ ಇರುವಾಗಿನಿಂದ, ಆಕೆ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲೋ ಅಥವಾ ಭಾರ ಎತ್ತೋ ಕೆಲಸ ಕೊಡಬಾರದು ಅಂತ ಹೆರಿಗೆ ಕಾನೂನಲ್ಲೇ ಇದೆ. ಹೆರಿಗೆ ಆದ ಮೇಲಿನ ಆರು ವಾರ ಅಂತೂ ಆಕೆ ಬರ್ತೀನಿ ಅಂದರೂ ಕೆಲಸಕ್ಕೆ ಕರೆಯೋ ಹಾಗಿಲ್ಲ.

ತಾಯಿ ಕಾರ್ಡ್: ತುಮಕೂರು ಮರೆಯಬಾರದ ವಿಷಯ

2022ರ ನವೆಂಬರ್‌ನಲ್ಲಿ ತುಮಕೂರು ನಗರದ ಭಾರತಿನಗರದಲ್ಲಿ ತಮಿಳುನಾಡು ಮೂಲದ ಒಬ್ಬ ಗರ್ಭಿಣಿ, ಅವರ ಅವಳಿ ಶಿಶುಗಳು ಮನೆಯಲ್ಲೇ ತೀರಿಕೊಂಡರು. ಹೆರಿಗೆ ನೋವು ಅಂತ ಜಿಲ್ಲಾಸ್ಪತ್ರೆಗೆ ಹೋದಾಗ ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ದಾಖಲು ಮಾಡಿಕೊಳ್ಳದೆ ವಾಪಸ್ ಕಳಿಸಿದರು ಅನ್ನೋದು ಆರೋಪ. ರಾಜ್ಯವೇ ಮಾತಾಡಿದ ವಿಷಯ ಅದು. ವೈದ್ಯರು, ದಾದಿಯರ ಅಮಾನತು ಆಯ್ತು. ತುರ್ತು ಸಂದರ್ಭದಲ್ಲಿ ದಾಖಲೆ ಇಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ ಅಂತ ಸರ್ಕಾರ ಆಗ ಸ್ಪಷ್ಟಪಡಿಸಿತು.

ಅಂದ್ರೆ ಕಾರ್ಡ್ ಇಲ್ಲದಿದ್ದರೂ ಹೆರಿಗೆಗೆ ದಾಖಲು ಮಾಡಿಕೊಳ್ಳಲೇಬೇಕು. ಬಾಗಿಲಲ್ಲಿ ಯಾರಾದರೂ ವಾಪಸ್ ಕಳಿಸಿದರೆ ಹೊರಡಬೇಡಿ. ಕರ್ತವ್ಯದಲ್ಲಿರೋ ವೈದ್ಯಾಧಿಕಾರಿಯನ್ನ ಕರೆಸಿ, 104ಕ್ಕೆ ಫೋನ್ ಮಾಡಿ. ಹಾಗಂತ ಕಾರ್ಡ್ ಮಾಡಿಸದೇ ಇರಬೇಡಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಕೊಟ್ಟ ಇಂಜೆಕ್ಷನ್ ಎಲ್ಲ ಅದರಲ್ಲಿ ಬರೆದಿರುತ್ತೆ. ರಾತ್ರಿ ಹೊತ್ತು ನಿಮ್ಮನ್ನ ಮೊದಲ ಸಲ ನೋಡೋ ಡಾಕ್ಟರಿಗೆ ಅದೇ ಜಾತಕ.

ಕಾರ್ಡ್ ಕೊಡೋದು ಆಶಾ ಕಾರ್ಯಕರ್ತೆ, ನರ್ಸಮ್ಮ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ. ಕೆಲಸಕ್ಕೆ ಹೋಗೋರಿಗೆ ಇಲ್ಲೊಂದು ತೊಡಕು. ಆಶಾ ಅಕ್ಕ ಮನೆಗೆ ಬರೋದು ಹಗಲು, ನೀವು ಮನೆಯಲ್ಲಿ ಇರೋದು ರಾತ್ರಿ. ಅವರ ನಂಬರ್ ತಗೊಂಡು ಭಾನುವಾರವೋ ವಾರದ ರಜೆ ದಿನವೋ ಭೇಟಿ ಮಾಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಆ ದಿನ ಅರ್ಧ ದಿನ ರಜೆ ಬೇಕು ಅಂತ ಮೊದಲೇ ಹೇಳಿಟ್ಟರೆ ಅಂಗಡಿಯವರಿಗೂ ಅನುಕೂಲ.

ತವರಿನ ವಿಷಯ ಬಹಳ ಜನ ಮರೀತಾರೆ. ಗಂಡನ ಮನೆ ತುಮಕೂರಿನ ಕ್ಯಾತಸಂದ್ರ, ತವರು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ ಅಂತ ಇಟ್ಟುಕೊಳ್ಳಿ. ಕಾರ್ಡ್ ಆಗಿರೋದು ಇಲ್ಲಿ, ಹೆರಿಗೆ ಆಗೋದು ಅಲ್ಲಿ. ಹೊರಡೋ ಮುಂಚೆ ಎರಡೂ ಕಡೆ ಆಶಾ ಅವರಿಗೆ ತಿಳಿಸಿ, ಕಾರ್ಡ್ ಜೊತೆಗೇ ಒಯ್ಯಿರಿ. ತಲುಪಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಿ. ಅಲ್ಲಿ ಸಿಸೇರಿಯನ್ ಮಾಡೋ ಡಾಕ್ಟರು, ಅರಿವಳಿಕೆ ಡಾಕ್ಟರು ಇರ್ತಾರಾ, ಇಲ್ಲ ತುಮಕೂರಿಗೆ ಕಳಿಸ್ತಾರಾ ಅಂತ ಆಗಲೇ ಕೇಳಿಕೊಳ್ಳಿ. ನೋವು ಶುರುವಾದ ಮೇಲೆ ಕೇಳೋ ಪ್ರಶ್ನೆ ಅಲ್ಲ ಇದು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ಊಟ ಸಹ, ಮಾಮೂಲಿ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಹೋಗೋಕೆ 108, ವಾಪಸ್ ಮನೆಗೆ ಬಿಡೋಕೆ ನಗು-ಮಗು ವಾಹನ. ತಲೆ ಸಿಡಿಯೋ ಹಾಗೆ ನೋವು ಬಂದು ಕಣ್ಣು ಮಂಜಾಗೋದು, ಮುಖ ಕೈ ಊದಿಕೊಳ್ಳೋದು, ರಕ್ತ ಹೋಗೋದು, ನೀರು ಒಡೆಯೋದು, ಮಗು ಒದೆಯೋದು ಕಡಿಮೆ ಆಗೋದು, ಫಿಟ್ಸ್, ಜ್ವರ: ಇವುಗಳಲ್ಲಿ ಯಾವುದೇ ಆದರೂ ಶಿಫ್ಟ್ ಮುಗಿಯೋವರೆಗೆ ಕಾಯಬೇಡಿ. ಪಕ್ಕದಲ್ಲಿ ಕೆಲಸ ಮಾಡೋರಿಗೂ ಇದು ಗೊತ್ತಿದ್ದರೆ ಒಳ್ಳೇದು.

ಮಾಲೀಕರೇ ಇಲ್ಲದ ಕೆಲಸ ಮಾಡೋರಿಗೆ

ಗುಬ್ಬಿ ಕಡೆ ಅಡಿಕೆ ಸುಲಿಯೋರು, ತೋಟದ ಕೂಲಿಯವರು, ನಗರದಲ್ಲಿ ಬೀಡಿ ಕಟ್ಟೋರು, ಮನೆಗೆಲಸದವರು, ಮನೆಯಲ್ಲೇ ಟೈಲರಿಂಗ್ ಮಾಡೋರು, ಹೂವು ತರಕಾರಿ ಮಾರೋರು. ಇವರಿಗೆ 26 ವಾರ ಸಂಬಳ ಕೊಡೋರು ಯಾರೂ ಇಲ್ಲ. ಇದು ನಿಜಕ್ಕೂ ಅನ್ಯಾಯ, ಆದರೆ ಇರೋದನ್ನಾದರೂ ಬಿಡಬಾರದು.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಗರ್ಭಿಣಿ ಅಂತ ನೋಂದಣಿ ಆಗಿ ಒಂದು ತಪಾಸಣೆ ಆದಮೇಲೆ 3,000, ಮಗುವಿನ ಜನನ ನೋಂದಣಿಯಾಗಿ 14 ವಾರದ ಲಸಿಕೆ ಮುಗಿದಮೇಲೆ 2,000. ಎರಡನೆಯದು ಹೆಣ್ಣು ಮಗುವಾದರೆ ಒಂದೇ ಸಲ 6,000. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ಜಾಬ್ ಕಾರ್ಡ್ ಇಂಥವುಗಳಲ್ಲಿ ಒಂದಿದ್ದರೆ ಸಾಕು. ಅರ್ಜಿ ಅಂಗನವಾಡಿಯಲ್ಲಿ. ಮಗು ಹುಟ್ಟಿ 270 ದಿನ ದಾಟಿದರೆ ತಗೊಳ್ಳಲ್ಲ. ದುಡ್ಡು ಬರೋದು ತಾಯಿಯ ಆಧಾರ್ ಜೋಡಣೆಯಾದ ಖಾತೆಗೆ, ಹಾಗಾಗಿ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ. ಇಎಸ್‌ಐ ಅಥವಾ ಮಾಲೀಕರಿಂದ ಹೆರಿಗೆ ಸಂಬಳ ಪಡೆಯೋರಿಗೆ, ಸರ್ಕಾರಿ ನೌಕರರಿಗೆ ಇದು ಬರಲ್ಲ.

ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾದಲ್ಲಿ ಹಳ್ಳಿಯವರಿಗೆ 700, ನಗರದವರಿಗೆ 600 ರೂಪಾಯಿ. ಸಣ್ಣ ಮೊತ್ತ, ಆದರೂ ಕೇಳಿ.

ಗಾರೆ ಕೆಲಸ, ಇಟ್ಟಿಗೆ ಹೊರೋದು, ಸೆಂಟ್ರಿಂಗ್ ಕೆಲಸಕ್ಕೆ ಹೋಗೋ ಹೆಂಗಸರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಮೊದಲ ಎರಡು ಹೆರಿಗೆಗೆ ತಾಯಿ ಲಕ್ಷ್ಮಿ ಬಾಂಡ್ ಅಂತ ತಲಾ 50,000 ರೂಪಾಯಿ ಇದೆ. ಕಾರ್ಡ್ ಆಗಿರಬೇಕಾದ್ದು ಹೆಂಗಸಿನ ಹೆಸರಲ್ಲೇ, ಗಂಡನ ಹೆಸರಲ್ಲಿ ಅಲ್ಲ. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಸೈಟಲ್ಲಿ ದುಡಿದರೂ ಕಾರ್ಡ್ ಮಾಡಿಸೋದು ಗಂಡಸರದ್ದು ಮಾತ್ರ!

ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಅಂಗನವಾಡಿಯಲ್ಲಿ ಬಿಸಿಯೂಟ ಇದೆ, 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ನಡೀತಿದೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಗಾರ್ಮೆಂಟ್ಸ್‌ನಲ್ಲಿ ಇರೋರು ಅಂಗನವಾಡಿಗೆ ಹೋಗಿ ಊಟ ಮಾಡೋದು ಹೇಗೆ? ದುಡಿಯೋ ಗರ್ಭಿಣಿಯನ್ನ ಮನಸ್ಸಲ್ಲಿ ಇಟ್ಟುಕೊಂಡು ಮಾಡಿದ ಯೋಜನೆ ಇದಲ್ಲ. ರಜೆ ಶುರುವಾದ ಮೇಲಾದರೂ ಬಳಸಿಕೊಳ್ಳಿ.

ಹತ್ತಕ್ಕಿಂತ ಕಡಿಮೆ ಜನ ಇರೋ ಅಂಗಡಿ

ನಮ್ಮ ಮೂರೂ ಊರಿನ ಹೆಚ್ಚಿನ ಅಂಗಡಿಗಳು ಇಂಥವೇ. ಮೂರ್ನಾಲ್ಕು ಜನ, ಅದರಲ್ಲಿ ಒಬ್ಬರು ಹೆಣ್ಣುಮಗಳು. ಇಲ್ಲಿ 26 ವಾರ ಕೊಡಲೇಬೇಕು ಅಂತ ಕಾನೂನು ಹೇಳಲ್ಲ. ಹಾಗಂತ ಮಾಡೋಕೆ ಏನೂ ಇಲ್ಲ ಅಂತಲ್ಲ. ಮೂರು ತಿಂಗಳು ಅರ್ಧ ಸಂಬಳ, ವಾಪಸ್ ಬಂದಾಗ ಅದೇ ಜಾಗ ಅದೇ ಸಂಬಳ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬಹುದು. ಆ ಆರು ತಿಂಗಳಿಗೆ ತಾತ್ಕಾಲಿಕವಾಗಿ ಯಾರನ್ನಾದರೂ ಇಟ್ಟುಕೊಂಡರೆ ಅವರಿಗೂ ಮೊದಲೇ ಹೇಳಿ. ಮಾತೃ ವಂದನಾ ಅರ್ಜಿಗೆ ಒಂದು ದಿನ ಬಿಡುವು ಕೊಡಿ. ಇಷ್ಟಕ್ಕೆ ದೊಡ್ಡ ಖರ್ಚು ಬರಲ್ಲ.

ವಾಪಸ್ ಕೆಲಸಕ್ಕೆ ಹೋಗುವಾಗ

ಮಗುವನ್ನ ಯಾರ ಹತ್ತಿರ ಬಿಡೋದು? ಅಜ್ಜಿ ಇದ್ದರೆ ಅಜ್ಜಿ. ಆದರೆ ಈಗಿನ ಅಜ್ಜಿಯರಲ್ಲಿ ಬಹಳ ಜನ ಅವರೇ ಕೂಲಿಗೋ, ಗಾರ್ಮೆಂಟ್ಸ್‌ಗೋ ಹೋಗ್ತಿರ್ತಾರೆ. ಅವರ ದುಡಿಮೆ ನಿಂತರೆ ಮನೆಗೆ ಎಷ್ಟು ಕಡಿಮೆ ಆಗುತ್ತೆ ಅಂತ ಬಸುರಿಯಾಗಿ ಇರುವಾಗಲೇ ಕೂತು ಮಾತಾಡಿ. ಬಾಣಂತನದಲ್ಲಿ ಮಾತಾಡಿದರೆ ಜಗಳ ಆಗುತ್ತೆ.

50 ಅಥವಾ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ರಜೆ ತಗೊಳ್ಳೋ ಮುಂಚೆಯೇ ಅದು ನಿಜವಾಗಿ ನಡೀತಿದೆಯಾ, ಇಲ್ಲ ಬೀಗ ಹಾಕಿದ ಕೋಣೆಯಾ ಅಂತ ಕಣ್ಣಾರೆ ನೋಡಿಬನ್ನಿ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರಿಗಾಗಿ ಶುರುವಾದ ಕೂಸಿನ ಮನೆ ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ಪಿಡಿಒ ಹತ್ತಿರ ಕೇಳಿ.

ಮಗುವಿಗೆ 15 ತಿಂಗಳು ಆಗೋವರೆಗೆ ಕೆಲಸದ ಜಾಗದಲ್ಲಿ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ವಿರಾಮ ಇದೆ. ಮಗು ದೂರ ಇದ್ದರೆ ಹಾಲು ಹಿಂಡಿ ಇಟ್ಟು ಹೋಗಬಹುದು. ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿನಲ್ಲಿ ಹಿಂಡಿ, ಮುಚ್ಚಿಟ್ಟರೆ ಹೊರಗಡೆ ನಾಲ್ಕು ಗಂಟೆ ಇರುತ್ತೆ. ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್‌ನಲ್ಲಿಟ್ಟು ಒಂದು ದಿನದೊಳಗೆ ಕುಡಿಸಿ. ಒಲೆ ಮೇಲೆ ಕಾಯಿಸಬಾರದು, ಬಟ್ಟಲನ್ನ ಬಿಸಿನೀರಲ್ಲಿ ಇಟ್ಟರೆ ಸಾಕು. ಕೆಲಸಕ್ಕೆ ಹೋಗೋಕೆ ಎರಡು ವಾರ ಮುಂಚೆಯೇ ಚಮಚ, ಒಳಲೆಯಲ್ಲಿ ಕುಡಿಸೋದು ರೂಢಿ ಮಾಡಿ.

ಹಿರಿಯರ ಮಾತಿನಲ್ಲಿ ಬಹಳಷ್ಟು ಒಳ್ಳೇದಿದೆ, ಎಣ್ಣೆ ನೀರು, ವಿಶ್ರಾಂತಿ, ಮೆಂತ್ಯ, ಸಬ್ಬಸಿಗೆ ಎಲ್ಲ ಸರಿ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡೋದು, ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸೋದು, ಬಾಗಿಲು ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕೋದು ಮೂರೂ ಬೇಡ. ವರ್ಷ ತುಂಬೋವರೆಗೆ ಜೇನು ಮಗುವಿಗೆ ಅಪಾಯ.

ಕೊನೆಯದಾಗಿ ಜನನ ಪ್ರಮಾಣಪತ್ರ. 21 ದಿನದೊಳಗೆ ನೋಂದಣಿ ಉಚಿತ, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಮಾಡ್ತಾರೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನಾಂಕದ ದಾಖಲೆ ಇದೇ. ತಂದೆ ತಾಯಿ ಹೆಸರಿನ ಅಕ್ಷರಗಳನ್ನ ಆಧಾರ್ ನೋಡಿ ಹೊಂದಿಸಿ ಬರೆಸಿ, ಡಿಸ್ಚಾರ್ಜ್ ಆಗೋ ಮುಂಚೆ ಒಂದು ಸಲ ಓದಿ ನೋಡಿ. ಮಗುವಿನ ಹೆಸರು ಇನ್ನೂ ಇಟ್ಟಿಲ್ಲ ಅಂತ ನೋಂದಣಿ ತಡ ಮಾಡಬೇಡಿ. ನಾಮಕರಣ ಆದಮೇಲೆ ಸೇರಿಸಬಹುದು, ಒಂದು ವರ್ಷದೊಳಗೆ ಅದಕ್ಕೆ ಶುಲ್ಕ ಇಲ್ಲ.